ಉಗಾಂಡದ ಆಸ್ಪತ್ರೆಯಲ್ಲಿ ನಾನು ತೊಳಸಿದ ಮುದ್ದೆ

ಮುದ್ದೆಯ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ನೆಲಮಂಗಲ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಇದು ಜಂಬದ ಮಾತಲ್ಲ, ಇರುವ ವಿಷಯ. ಮೂರನೇ ಕ್ಲಾಸಿಗೆ ಸ್ಲೇಟು ಬಿಡಿಸಿ ನನ್ನ ಕೈಗೆ ಹಿಟ್ಟಿನ ಕೋಲು ಕೊಟ್ಟರು. ಅಂದಿನಿಂದ ತೊಳಸುತ್ತಲೇ ಇದ್ದೇನೆ. ಮದುವೆಯಾಗಿ ಅರಿಶಿನಕುಂಟೆಗೆ ಬಂದ ಮೇಲಂತೂ ತಿಥಿ ಇರಲಿ, ಗೃಹಪ್ರವೇಶ ಇರಲಿ, ಐವತ್ತು ಜನ ಇರಲಿ, ಇನ್ನೂರು ಜನ ಇರಲಿ, "ಹಿಟ್ಟಿಗೆ ಗೌರಮ್ಮನ್ನ ಕರೀರಿ" ಎಂದೇ ಎಲ್ಲರ ಮಾತು. "ನಿನ್ ಮುದ್ದೆ ಕೈ ಜಾರಿ ಬಿದ್ರೆ ನೆಲಕ್ಕೆ ಪೆಟ್ಟಾಗುತ್ತೆ" ಎಂದು ನಮ್ಮ ಯಜಮಾನರು ಹೇಳುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಅಂಥ ನಾನು ಉಗಾಂಡ ಎಂಬ ದೇಶದ ಒಂದು ಹಳ್ಳಿ ಆಸ್ಪತ್ರೆಯಲ್ಲಿ ಅರವತ್ತು ಜನರ ಎದುರಿಗೆ ಹೇಗೆ ಮಾನ ಕಳೆದುಕೊಂಡೆ ಎಂಬುದನ್ನು ನಾನೇ ಹೇಳಿಬಿಡುವುದು ಒಳ್ಳೆಯದು. ನನ್ನ ಸೊಸೆ ಹೇಳಿದರೆ ಇನ್ನೂ ಉದ್ದವಾಗುತ್ತದೆ.

ಮೊಮ್ಮಗಳು ಸಿಂಧು ಅಲ್ಲಿ ಡಾಕ್ಟರು. ಎರಡು ವರ್ಷಕ್ಕೆಂದು ಹೋದವಳು. ಆರನೇ ತಿಂಗಳಲ್ಲಿ ವಿಡಿಯೊ ಮಾಡಿದಾಗ ಅವಳ ಕತ್ತಿನ ಮೂಳೆ ಎದ್ದು ಕಂಡಿತು. ಅವಳ ತಾಯಿ ರತ್ನ, ಅಂದರೆ ನನ್ನ ಸೊಸೆ, ಅಂಗನವಾಡಿ ಟೀಚರು. ಅವಳಿಗೆ ರಜೆ ಸಿಗಲಿಲ್ಲ. "ನೀವೇ ಹೋಗಿ ಎರಡ್ ತಿಂಗ್ಳು ಇದ್ದು ಬನ್ನಿ ಅತ್ತೆ, ಇಲ್ಲಿ ನಾನು ಹೆಂಗೋ ನಿಭಾಯಿಸ್ಕೋತೀನಿ" ಎಂದಳು. ಅವಳ ಮುಖದಲ್ಲಿ ದುಃಖ ಹುಡುಕಿದೆ. ಸಿಗಲಿಲ್ಲ.

ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ನನ್ನ ಕೈಚೀಲದಿಂದ ಹಿಟ್ಟಿನ ಕೋಲನ್ನು ಹೊರಗೆಳೆದು, "ಏನಮ್ಮಾ ಇದು?" ಎಂದರು. "ಮುದ್ದೆ ತೊಳಸೋದು. ಯಾಕೆ, ನಿಮ್ ಮನೇಲಿ ಇಲ್ವಾ?" ಎಂದೆ. ಅದು ಆಯುಧದ ಲೆಕ್ಕಕ್ಕೆ ಬರುತ್ತದೆ ಎಂದು ಇಟ್ಟುಕೊಂಡರು. ಯಜಮಾನರು ಬದುಕಿದ್ದಿದ್ದರೆ ಹೌದು ಎಂದು ಸಾಕ್ಷಿ ಹೇಳುತ್ತಿದ್ದರು.

ಆಸ್ಪತ್ರೆ ಎಂದರೆ ಮಹಡಿ ಮೇಲೆ ಮಹಡಿ, ಲಿಫ್ಟು ಎಂದುಕೊಂಡಿದ್ದೆ. ಇಲ್ಲಿ ಐದಾರು ಉದ್ದನೆಯ ತಗಡಿನ ಮನೆಗಳು, ನಡುವೆ ದೊಡ್ಡ ಮಾವಿನ ಮರಗಳು, ನಮ್ಮ ಕಡೆಯದೇ ಕೆಂಪು ಮಣ್ಣು. ಕರೆಂಟು ಬಿಸಿಲಿನಿಂದ, ನೀರು ಕೈಪಂಪಿನಿಂದ. ರೋಗಿಗಳಿಗೆ ಆಸ್ಪತ್ರೆಯವರು ಊಟ ಕೊಡುವುದಿಲ್ಲ. ಮನೆಯವರೇ ಪಾತ್ರೆ, ಹಿಟ್ಟು, ಕೋಳಿ ಸಮೇತ ಬಂದು, ಹಿಂದುಗಡೆಯ ದೊಡ್ಡ ಚಪ್ಪರದ ಕೆಳಗೆ ಮೂರು ಮೂರು ಕಲ್ಲು ಇಟ್ಟುಕೊಂಡು ಬೇಯಿಸಿಕೊಳ್ಳಬೇಕು. ನೋಡಿದ ತಕ್ಷಣ ನನಗೆ ಆ ಚಪ್ಪರ ಹಿಡಿಸಿತು. ಊರಿನ ಎಲ್ಲ ಸುದ್ದಿಯೂ ಅಲ್ಲೇ ಬೇಯುತ್ತಿತ್ತು.

ಬೆಳಿಗ್ಗೆ ಸಿಂಧು ವಾರ್ಡಿಗೆ ಹೋದ ಮೇಲೆ ನಾನು ಬಾಗಿಲಿಗೆ ರಂಗೋಲಿ ಇಡುತ್ತಿದ್ದೆ. ರಂಗೋಲಿ ಪುಡಿ ಇಲ್ಲದೆ ಮುಸುಕಿನ ಜೋಳದ ಹಿಟ್ಟಿನಲ್ಲಿ ಇಡುತ್ತಿದ್ದೆ. ನಾಲ್ಕನೇ ದಿನದಿಂದ ಆಸ್ಪತ್ರೆಯ ಕೋಳಿಗಳೆಲ್ಲ ಏಳು ಗಂಟೆಗೆ ಬಂದು ಸಾಲಾಗಿ ಕಾಯತೊಡಗಿದವು. ಆಮೇಲೆ ಕೆಲಸವಿಲ್ಲ. ಕೆಲಸವಿಲ್ಲದೆ ಕೂತರೆ ನನ್ನ ಬಾಯಿ ಸುಮ್ಮನಿರುವುದಿಲ್ಲ ಎಂದು ಸಿಂಧುವಿಗೆ ಗೊತ್ತು. ನರ್ಸುಗಳಿಗೆಲ್ಲ ಮೇಲಿನವರಾದ ಮೇಟ್ರನ್ ಹತ್ತಿರ ಹೇಳಿ, ಗಾಯಕ್ಕೆ ಕಟ್ಟುವ ಬಟ್ಟೆ ಮಡಚುವ ಕೆಲಸ ಕೊಡಿಸಿದಳು. ಹೂ ಕಟ್ಟಿ ಪಳಗಿದ ಕೈ ನನ್ನದು. ಎರಡು ದಿನದ ಬಟ್ಟೆಯನ್ನು ಮಧ್ಯಾಹ್ನದೊಳಗೆ ಮಡಚಿಟ್ಟೆ. ಮೇಟ್ರನ್ ನೋಡಿ ತಲೆಯಾಡಿಸಿದರು. ಅವರು ಆರಡಿ ಹೆಂಗಸು. ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದರು. ನಗುವುದನ್ನು ಯಾರೂ ನೋಡಿರಲಿಲ್ಲ. ಆಸ್ಪತ್ರೆ ಚರ್ಚಿಗೆ ಸೇರಿದ್ದು, ಕಾಂಪೌಂಡಿನೊಳಗೆ ಹೆಂಡ ಬರಕೂಡದು ಎಂಬುದು ಮೊದಲ ಕಾನೂನು. ಹಿಂದೆ ಒಬ್ಬ ಡ್ರೈವರು ಒಂದು ಬಾಟಲಿ ತಂದಿದ್ದಕ್ಕೆ ಅವನನ್ನೂ ಬಾಟಲಿಯನ್ನೂ ಒಟ್ಟಿಗೆ ಹೊರಗೆ ಕಳಿಸಿದ್ದರಂತೆ.

ಸಂಜೆ ನಾಲ್ಕಕ್ಕೆ ಕೆಲಸ ಮುಗಿದವರೆಲ್ಲ ಮಾವಿನ ಮರದ ಹತ್ತಿರ ವಾಲಿಬಾಲ್ ಆಡುತ್ತಿದ್ದರು. ಲ್ಯಾಬಿನವನು, ನರ್ಸುಗಳು, ಕಸ ಗುಡಿಸುವವನು, ಎಲ್ಲರೂ. ಸಿಂಧು ಮಾತ್ರ ನನ್ನ ಪಕ್ಕ ಜಗಲಿಯ ಮೇಲೆ ಕೂತು ನೋಡುತ್ತಿದ್ದಳು.

"ನೀನೂ ಹೋಗೇ" ಎಂದೆ.

"ಕರೀಲಿಲ್ಲ ಅಜ್ಜಿ."

"ಕರೀಬೇಕಾ?"

"ನಾನು ಹೋದ್ರೆ ಆಟ ನಿಲ್ಲಿಸಿ ಕುರ್ಚಿ ತಂದ್ಕೊಡ್ತಾರೆ."

ಆಮೇಲೆ ನಿಧಾನವಾಗಿ ಎಲ್ಲ ಹೇಳಿದಳು. ಅವಳ ಸಾಲಿನಲ್ಲಿ ನಿಂತ ರೋಗಿಗಳು ಸದ್ದಿಲ್ಲದೆ ಹಳೆಯ ಡಾಕ್ಟರ ಸಾಲಿಗೆ ಜಾರಿಕೊಳ್ಳುತ್ತಾರೆ. ಅವಳು ಬರೆದುಕೊಟ್ಟ ಔಷಧಿಯನ್ನು ನರ್ಸುಗಳು ಅವರಿಗೊಮ್ಮೆ ತೋರಿಸಿ ಬರುತ್ತಾರೆ. "ಯಾರೂ ಬೈಯಲ್ಲ ಅಜ್ಜಿ. ಬೈದಿದ್ರೆ ವಾಸಿಯಾಗಿತ್ತು. ಬರೀ ಮರ್ಯಾದೆ ಕೊಡ್ತಾರೆ" ಎಂದಳು. ಕತ್ತಿನ ಮೂಳೆ ಏಕೆ ಎದ್ದಿತ್ತೆಂದು ನನಗೆ ಆಗ ತಿಳಿಯಿತು. ಅದು ಊಟದ ತೊಂದರೆಯಲ್ಲ. ಆದರೂ ನನಗೆ ಗೊತ್ತಿರುವ ಔಷಧಿ ಊಟ ಒಂದೇ.

ತಿಂಗಳ ಕೊನೆಯ ಭಾನುವಾರ ಆಸ್ಪತ್ರೆಯವರೆಲ್ಲ ಮರದ ಕೆಳಗೆ ಒಟ್ಟಿಗೆ ಊಟ ಮಾಡುವುದು ಅಲ್ಲಿಯ ಪದ್ಧತಿ. ಪ್ರತಿ ಸಲ ಒಬ್ಬರ ಸರದಿ. ಆ ತಿಂಗಳು ಸಿಂಧುವಿನದು. ಕೆಲಸದವರಿಗೆ ಅಡುಗೆ ಮಾಡುವ ಅಕೆಲ್ಲೊ ಎಂಬ ಗಟ್ಟಿ ಹೆಂಗಸಿಗೆ ಹೇಳಿ, ಎಲ್ಲರೂ ಮಾಡಿಸುವಂತೆ ಮುಸುಕಿನ ಜೋಳದ ಬಿಳಿ ಹಿಟ್ಟಿನ ಮುದ್ದೆ, ಹುರುಳಿಕಾಯಿ ಬೀಜದ ಸಾರು ಮಾಡಿಸಿದರಾಯಿತು ಎಂದುಕೊಂಡಿದ್ದಳು.

"ನಿನ್ನ ಸರದಿಗೆ ಅವಳ ಕೈ ಅಡುಗೆ ಯಾಕೆ? ನಾನು ಸತ್ತಿದ್ದೀನಾ?" ಎಂದೆ.

"ಅರವತ್ತು ಜನ ಅಜ್ಜಿ. ಡ್ಯೂಟಿಯಲ್ಲಿರೋರು ಅರ್ಧ ಗಂಟೆಗೆ ಉಂಡು ವಾಪಸ್ ಓಡ್ಬೇಕು. ಎಡವಟ್ಟಾದ್ರೆ ನಾನು ಇನ್ನೊಂದೂವರೆ ವರ್ಷ ಕುರ್ಚಿ ಮೇಲೇ ಕೂತಿರ್ಬೇಕಾಗುತ್ತೆ."

"ನಾಟಿ ಕೋಳಿ ಸಾರು, ರಾಗಿ ಮುದ್ದೆ. ಉಂಡೋರು ಸೋಮವಾರದಿಂದ ನಿನ್ ಸಾಲು ಬಿಟ್ಟು ಕದಲಬಾರದು, ಹಂಗ್ ಮಾಡ್ತೀನಿ."

ಅಲ್ಲಿ ರಾಗಿ ಸಿಗುತ್ತದೆ ಎಂದು ನನಗೆ ಮೊದಲೇ ಗೊತ್ತಾಗಿತ್ತು. ದಾರಿಯಲ್ಲಿ ಹೊಲ ನೋಡಿ, ಅದರ ತೆನೆ ಕಂಡು, ಕಾರು ನಿಲ್ಲಿಸಿ ಮುಟ್ಟಿ ಬಂದಿದ್ದೆ. ನಮ್ಮ ರಾಗಿ ಇಲ್ಲಿಯತನಕ ಬಂದಿದೆಯಲ್ಲ ಎಂದು ಹೆಮ್ಮೆಯಾಗಿತ್ತು. ಈ ಮುಸುಕಿನ ಜೋಳ ತಿನ್ನುವ ಜನಕ್ಕೆ ರಾಗಿ ಎಂದರೇನೆಂದು ತೋರಿಸಿ ಹೋಗಬೇಕು ಎಂದುಕೊಂಡೆ.

ಶನಿವಾರ ಸಂತೆ. ಅಕೆಲ್ಲೊ ಚೀಲ ಹಿಡಿದು ನನ್ನ ಜೊತೆ ಹೊರಟಳು. ಬೇಡವೆಂದು ಕೈಯಾಡಿಸಿದೆ. ಅವಳು ತನ್ನ ಭಾಷೆಯಲ್ಲಿ ಏನೋ ಹೇಳಿದಳು. ನಾನು ಕನ್ನಡದಲ್ಲಿ, "ರಾಗಿ ತರೋಕೆ ನನಗೆ ಜೊತೆ ಬೇಕೇನೇ? ನೀನು ಕೋಳಿ ನೋಡ್ಕೋ ಹೋಗು" ಎಂದೆ. ನಮ್ಮಿಬ್ಬರಿಗೂ ಅಷ್ಟು ದಿನ ಹೀಗೇ ಮಾತು ನಡೆದಿತ್ತು, ಏನೂ ತೊಂದರೆಯಾಗಿರಲಿಲ್ಲ.

ಸಂತೆಯಲ್ಲಿ ಒಬ್ಬ ಮುದುಕಿ ಎರಡು ದೊಡ್ಡ ಬೋಗುಣಿಗಳಲ್ಲಿ ರಾಗಿ ಹಿಟ್ಟು ಇಟ್ಟುಕೊಂಡಿದ್ದಳು. ಒಂದು ಮುಂದೆ, ಇನ್ನೊಂದು ಹಿಂದೆ. ಹಿಂದಿನದನ್ನು ಮೂಸಿದೆ. ಹುರಿದ ಹಾಗೆ, ಸ್ವಲ್ಪ ಸಿಹಿಯಾದ ಘಮ. ಅದನ್ನೇ ಕೊಡು ಎಂದು ತೋರಿಸಿದೆ. ಅವಳು ತಲೆಯಲ್ಲಾಡಿಸಿ ಮುಂದಿನ ಬೋಗುಣಿಯನ್ನು ನನ್ನ ಕಡೆ ತಳ್ಳಿದಳು. ನಾನು ಇದಲ್ಲ, ಅದು ಎಂದೆ. ಅವಳು ಅದಲ್ಲ, ಇದು ಎಂದಳು.

ಇಲ್ಲಿ ನನ್ನ ಸಂತೆಯ ಅನುಭವ ಕೆಲಸಕ್ಕೆ ಬಂತು. ಐವತ್ತು ವರ್ಷ ನೆಲಮಂಗಲದ ಸಂತೆ ಮಾಡಿದವಳು ನಾನು. ವ್ಯಾಪಾರದವಳು ಯಾವುದನ್ನು ಮುಂದೆ ತಳ್ಳುತ್ತಾಳೋ ಅದರಲ್ಲಿ ಹುಳ ಇರುತ್ತದೆ. ಯಾವುದನ್ನು ಹಿಂದೆ ಇಟ್ಟುಕೊಳ್ಳುತ್ತಾಳೋ ಅದು ಬೇಕಾದವರಿಗೆ ಎತ್ತಿಟ್ಟ ಒಳ್ಳೆಯ ಮಾಲು. ಬದನೆಕಾಯಿಯಿಂದ ಹಿಡಿದು ಸೊಸೆಯ ತನಕ ನಾನು ಹೀಗೇ ಆರಿಸಿದ್ದು. ಉಗಾಂಡದವಳಾದರೇನು, ವ್ಯಾಪಾರ ವ್ಯಾಪಾರವೇ.

ಮುದುಕಿ ಬಿಡಲಿಲ್ಲ. ಉದ್ದನೆಯ ಕೊಳವೆ ಹಿಡಿದ ಹಾಗೆ ಕೈ ಮಾಡಿ, ಬಾಯಿಗಿಟ್ಟು ಹೀರಿ, ಕಣ್ಣು ಮುಚ್ಚಿ ತಲೆಯನ್ನು ಆ ಕಡೆ ಈ ಕಡೆ ತೂಗಾಡಿಸಿದಳು. ತಲೆ ತಿರುಗುವಷ್ಟು ರುಚಿ ಎನ್ನುತ್ತಿದ್ದಾಳೆ ಎಂದುಕೊಂಡೆ. ಅಷ್ಟು ರುಚಿ ಇದ್ದರೆ ಬಚ್ಚಿಡುವುದು ಸಹಜ. "ನನಗೂ ಗೊತ್ತು ಕಣಮ್ಮ, ಅದಕ್ಕೇ ಕೇಳ್ತಿರೋದು" ಎಂದು ಅಷ್ಟನ್ನೂ ಚೀಲಕ್ಕೆ ಸುರಿಸಿಕೊಂಡೆ. ಅಕ್ಕಪಕ್ಕದವರು ಎದ್ದು ನಿಂತು ನನ್ನನ್ನು ನೋಡಿದರು. ಗೌರವದಿಂದ ಎಂದುಕೊಂಡೆ.

ರಾತ್ರಿ ಡ್ಯೂಟಿ ಮುಗಿಸಿ ಮನೆಗೆ ಬಂದ ಸಿಂಧು, "ಒಂದು ಉಂಡೆ ಮಾಡಿ ನೋಡೋಣ್ವಾ ಅಜ್ಜಿ?" ಎಂದಳು.

"ಹಿಟ್ಟಿನ ಗುಣ ನನ್ ಮೂಗಿಗೇ ಗೊತ್ತಾಗುತ್ತೆ. ಹೋಗಿ ಮಲಕ್ಕೋ."

ಭಾನುವಾರ ಬೆಳಿಗ್ಗೆ ಚಪ್ಪರದಲ್ಲಿ ಕೋಳಿ ಸಾರು ಕುದಿಯಿತು. ಅದರ ವಾಸನೆಗೆ ನಡೆಯಲಾರದ ರೋಗಿಗಳೂ ಕಿಟಕಿಗೆ ಬಂದರು. ಅಲ್ಲಿಯವರೆಗೆ ನನ್ನ ಜೀವನದ ಒಳ್ಳೆಯ ದಿನ ಅದು. ಅಕೆಲ್ಲೊ ಪಕ್ಕದ ಒಲೆಗೆ ಜೋಳದ ಹಿಟ್ಟಿನ ಪಾತ್ರೆ ಇಡಲು ಬಂದಳು. ಇರಲಿ ಎಂದು ಸಿಂಧು ಹೇಳಿ ಕಳಿಸಿದ್ದಳಂತೆ. ನಾನು ಪಾತ್ರೆಯನ್ನು ಕೆಳಗಿಳಿಸಿ, ಅವಳನ್ನು ಒಂದು ಕಲ್ಲಿನ ಮೇಲೆ ಕೂರಿಸಿ, "ನೋಡ್ಕೋ, ಕಲಿತ್ಕೋ" ಎಂದೆ. ಕೂತಳು.

ಹಿತ್ತಲಿನ ಮರದಿಂದ ಕಡಿಸಿದ ಕೋಲು, ಪಾತ್ರೆ ಅದುಮಿ ಹಿಡಿಯಲು ಒಂದು ಕವೆಗೋಲು, ಮಗು ಸ್ನಾನ ಮಾಡುವಷ್ಟು ದೊಡ್ಡ ಪಾತ್ರೆ. ಹಿಂದಿನ ದಿನದ ಮಳೆಗೆ ಸೌದೆ ನೆಂದಿತ್ತು. ನೀರು ಕುದಿಯುವ ಲಕ್ಷಣವಿಲ್ಲ. ಬಿಸಿ ಹತ್ತಿದರೆ ಸಾಕು ಎಂದು ಹಿಟ್ಟು ಬಿಟ್ಟೆ. ಗೋಡೆಗೆ ಫೋನು ಒರಗಿಸಿ, ಸೊಸೆಗೆ ವಿಡಿಯೊ ಹಚ್ಚಿಸಿದೆ. ಮೂವತ್ತು ವರ್ಷದಿಂದ ಅವಳ ಮುದ್ದೆಯಲ್ಲಿ ಗಂಟು ಹುಡುಕಿ ತೋರಿಸುತ್ತ ಬಂದವಳು ನಾನು. ಸಮುದ್ರದಾಚೆ ನಿಂತು ಅರವತ್ತು ಜನಕ್ಕೆ ತೊಳಸುವುದನ್ನು ಅವಳು ನೋಡದಿದ್ದರೆ ಏನು ಸುಖ?

ಮೊದಲು ಹಿಟ್ಟು ಗಟ್ಟಿಯಾಯಿತು. ಕೋಲು ಹಾಕಿದೆ. ಒಂದು ಸುತ್ತು, ಎರಡು ಸುತ್ತು. ಮೂರನೇ ಸುತ್ತಿಗೆ ಕೋಲು ಹಗುರವಾಯಿತು.

ನನ್ನ ತೋಳಿಗೆ ವಯಸ್ಸಾದರೂ ಬಲ ಇನ್ನೂ ಇದೆ ಎಂದು ಸಂತೋಷಪಟ್ಟೆ.

ಐದನೇ ಸುತ್ತಿಗೆ ಅದು ಅಂಬಲಿಯಾಯಿತು. ಇನ್ನಷ್ಟು ಹಿಟ್ಟು ಹಾಕಿದೆ. ಗಟ್ಟಿಯಾಯಿತು. ತೊಳಸಿದೆ. ನೀರಾಯಿತು. ಮತ್ತೆ ಹಾಕಿದೆ. ಮತ್ತೆ ನೀರಾಯಿತು. ಲೋಕದಲ್ಲಿ ಹಿಟ್ಟು ಹಾಕಿದರೆ ಗಟ್ಟಿಯಾಗುವುದು ನಿಯಮ. ಇಲ್ಲಿ ಹಾಕಿದಷ್ಟೂ ತೆಳ್ಳಗಾಗುತ್ತಿತ್ತು. ಪಂಪಿನ ನೀರಿನ ದೋಷ ಎಂದೆ. ಸೌದೆಯ ದೋಷ ಎಂದೆ. ಕೊನೆಗೆ ಸುತ್ತ ನಿಂತು ನೋಡುತ್ತಿದ್ದ ಮೂವತ್ತು ನಲವತ್ತು ಹೆಂಗಸರ ದೃಷ್ಟಿಯೇ ಇರಬೇಕೆಂದು, ಒಂದು ಹಿಡಿ ಉಪ್ಪು, ಎರಡು ಮೆಣಸಿನಕಾಯಿ ತಂದು ಪಾತ್ರೆಗೆ ನಿವಾಳಿಸಿ ಒಲೆಗೆ ಹಾಕಿದೆ. ಮೆಣಸಿನಕಾಯಿ ಘಾಟಿಗೆ ಎಲ್ಲರೂ ಕೆಮ್ಮಿದರು. ಮುದ್ದೆ ಮಾತ್ರ ನೀರಾಗಿಯೇ ಇತ್ತು.

"ಅತ್ತೆ, ಗಂಜಿ ಮಾಡ್ತಿದ್ದೀರಾ?" ಎಂದಿತು ಫೋನು.

"ಸುಮ್ನಿರೇ."

"ಗಂಟೇನೂ ಇಲ್ಲ ಅತ್ತೆ. ಚೆನ್ನಾಗಿ ಬಂದಿದೆ."

ಅವಳ ಹಿಂದೆ ಪಕ್ಕದ ಮನೆಯವರೆಲ್ಲ ಬಂದು ನಿಂತಿದ್ದರು. ಫೋನನ್ನು ಬೋರಲು ಹಾಕಿದೆ.

ಚೀಲ ಖಾಲಿಯಾಯಿತು. ಅಷ್ಟು ಹೊತ್ತಿಗೆ ಚರ್ಚು ಬಿಟ್ಟಿತು. ಮರದ ಕೆಳಗೆ ತಟ್ಟೆಗಳು ಬಂದವು. ಮೊದಲ ಪಾಳಿಯ ನರ್ಸುಗಳು ಗಡಿಯಾರ ನೋಡುತ್ತ ನಿಂತರು. ಸಿಂಧು ಹೊಸ ಲಂಗ ತೊಟ್ಟು ಬಂದು ಪಾತ್ರೆಯೊಳಗೆ ಬಗ್ಗಿ ನೋಡಿದಳು.

"ಅಜ್ಜಿ, ಮುದ್ದೆ ಎಲ್ಲಿ?"

"ಆಗ್ತಾ ಇದೆ."

"ಇದರಲ್ಲಿ ನನ್ ಮುಖ ಕಾಣ್ತಾ ಇದೆ ಅಜ್ಜಿ."

ಮೇಟ್ರನ್ ಬಂದರು. ಜನ ದಾರಿ ಬಿಟ್ಟರು. ಒಂದು ಲೋಟ ತರಿಸಿ, ಒಂದು ಗುಟುಕು ಕುಡಿದು, ಬಾಯಲ್ಲೇ ಇಟ್ಟುಕೊಂಡು ಆಕಾಶ ನೋಡಿದರು. ಖಾಲಿ ಚೀಲ ಮೂಸಿದರು. ಅಕೆಲ್ಲೊಳನ್ನು ಏನೋ ಕೇಳಿದರು. ಅಷ್ಟು ಹೊತ್ತು ಕಲ್ಲಿನ ಮೇಲೆ ಕಲಿಯುತ್ತ ಕೂತಿದ್ದ ಅಕೆಲ್ಲೊ ಎದ್ದು, ಉದ್ದನೆಯ ಕೊಳವೆ ಹಿಡಿದ ಹಾಗೆ ಕೈ ಮಾಡಿ, ಹೀರಿ, ತಲೆ ತೂಗಾಡಿಸಿದಳು. ಚಪ್ಪರ ಬಿದ್ದುಹೋಗುವ ಹಾಗೆ ಎಲ್ಲರೂ ನಕ್ಕರು.

"ಏನಂತೆ?" ಎಂದೆ.

ಸಿಂಧುವಿನ ಮುಖ ಬಿಳುಚಿತ್ತು. "ಮೊಳಕೆ ಕಟ್ಟಿಸಿ ಒಣಗಿಸಿದ ರಾಗಿಯಂತೆ ಅಜ್ಜಿ. ಅದರಲ್ಲಿ ಮುದ್ದೆ ಆಗಲ್ವಂತೆ, ಎಷ್ಟು ತೊಳಸಿದ್ರೂ ನೀರೇ ಆಗುತ್ತಂತೆ. ಇಲ್ಲಿ ಕೊಳವೇಲಿ ಹೀರ್ತಾರಲ್ಲ, ಆ ಹೆಂಡ ಮಾಡೋ ಹಿಟ್ಟಂತೆ."

ಹೆಂಡ. ಚರ್ಚಿನ ಆಸ್ಪತ್ರೆಯಲ್ಲಿ, ಭಾನುವಾರ, ಮೇಟ್ರನ್ ಕೈಯಲ್ಲೇ ಲೋಟ. ನನ್ನ ಮೊಮ್ಮಗಳ ಹೆಸರು ಇದ್ದುದೂ ಹೋಯಿತು, ಡ್ರೈವರು ಹೋದ ದಾರಿಯಲ್ಲಿ ನಾವಿಬ್ಬರೂ ಹೋಗುವುದೇ ಎಂದುಕೊಂಡೆ. ಹಿಂದೆ ಅರ್ಧ ಗಂಟೆಯ ಊಟಕ್ಕೆ ಬಂದವರ ಹೊಟ್ಟೆ ಬೇರೆ ಕೂಗುತ್ತಿತ್ತು.

ಆಗ ಸಿಂಧು ಒಂದು ಕೆಲಸ ಮಾಡಿದಳು. ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಅಕೆಲ್ಲೊಳ ಜೋಳದ ಹಿಟ್ಟಿನ ಕಡೆ ನೋಡದೆ, ಒಂದು ದೊಡ್ಡ ಬೋಗುಣಿ ಎತ್ತಿಕೊಂಡು ಮೊದಲನೇ ಒಲೆಯ ಹತ್ತಿರ ಹೋಗಿ ಮಂಡಿಯೂರಿದಳು. ಅಲ್ಲಿ ಮಗಳ ಹೆರಿಗೆಗೆ ಬಂದಿದ್ದ ಹೆಂಗಸೊಬ್ಬಳು ಕೂತಿದ್ದಳು. ಬೋಗುಣಿ ಮುಂದೆ ಹಿಡಿದು, ನನ್ನ ಕಡೆ ಬೆರಳು ತೋರಿಸಿ, ಬಂದಷ್ಟು ಭಾಷೆಯಲ್ಲಿ ಏನೋ ಹೇಳಿದಳು. ಆ ಹೆಂಗಸು ನನ್ನನ್ನು ನೋಡಿ, ಪಾಪ ಎಂಬ ಹಾಗೆ ನಾಲಿಗೆಯಲ್ಲಿ ಲೊಚಗುಟ್ಟಿ, ತನ್ನ ಗಂಟು ಬಿಚ್ಚಿ ಎರಡು ಹಿಡಿ ರಾಗಿ ಹಿಟ್ಟು ಹಾಕಿದಳು. ಒಳ್ಳೆಯ ಹಿಟ್ಟು, ಮುಂದಿನ ಬೋಗುಣಿಯ ಜಾತಿಯದು. ಸಿಂಧು ಎರಡನೇ ಒಲೆಗೆ ಹೋದಳು. ಮೂರನೆಯದಕ್ಕೆ ಹೋದಳು. ಡಾಕ್ಟರು ಹಿಟ್ಟು ಬೇಡುತ್ತಿದ್ದಾಳೆ ಎಂದು ಸುದ್ದಿ ವಾರ್ಡಿನೊಳಗೆ ಹೋಗಿ, ಕೈಗೆ ಬ್ಯಾಂಡೇಜು ಕಟ್ಟಿಕೊಂಡ ಒಬ್ಬ ತಾತ ತಾನೇ ಒಂದು ಪೊಟ್ಟಣ ತಂದುಕೊಟ್ಟ. ಹತ್ತು ನಿಮಿಷಕ್ಕೆ ಬೋಗುಣಿ ತುಂಬಿತು.

ಅಕೆಲ್ಲೊ ನೀರು ಕುದಿಸಿದಳು. ಸಿಂಧು ಪಾತ್ರೆಯನ್ನು ಅದುಮಿ ಹಿಡಿದಳು. ಹಿಡಿತ ಸರಿಯಿಲ್ಲವೆಂದು ಅಕೆಲ್ಲೊ ಬೈದಳು. ಯಾವ ಭಾಷೆಯಾದರೂ ಬೈಗುಳ ಬೈಗುಳದ ಹಾಗೇ ಕೇಳುತ್ತದೆ. ಸಿಂಧು ತಿರುಗಿ ಬೈದಳು. ಇಬ್ಬರೂ ಬೆವರುತ್ತ, ನಗುತ್ತ, ಕಾಲು ಗಂಟೆಯಲ್ಲಿ ಹೊಳೆಯುವ, ಗುಂಡಗಿನ, ಗಂಟಿಲ್ಲದ ಮುದ್ದೆ ಇಳಿಸಿದರು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡೆ. ಗಂಟು ಹುಡುಕಿದೆ. ಇರಲಿಲ್ಲ.

"ಇವರಿಗೆ ಇದು ಯಾರು ಕಲಿಸಿದ್ದು?" ಎಂದೆ.

"ಅಜ್ಜಿ, ರಾಗಿ ಹುಟ್ಟಿದ್ದೇ ಈ ಕಡೆ. ನಮಗೆ ಇಲ್ಲಿಂದ ಬಂದಿದ್ದು."

ಇದನ್ನು ಮೊದಲೇ ಹೇಳಬಾರದಿತ್ತೇ? ಕೇಳಿದ್ದಕ್ಕೆ, "ನೀನು ಯಾವಾಗ ಹೇಳೋಕೆ ಬಿಟ್ಟೆ?" ಎಂದಳು.

ಮೇಟ್ರನ್ ಇನ್ನೂ ನನ್ನ ಪಾತ್ರೆಯ ಹತ್ತಿರವೇ ನಿಂತಿದ್ದರು. ಎಲ್ಲರೂ ಸುಮ್ಮನಾದ ಮೇಲೆ ತೀರ್ಪು ಕೊಟ್ಟರು. ಸಿಂಧು ನನಗೆ ಕನ್ನಡದಲ್ಲಿ ಹೇಳಿದಳು: "ಈಗ ಇದು ಬರೀ ಸಿಹಿ ಗಂಜಿ. ತಪ್ಪಿಲ್ಲ. ಹಾಗೇ ಮುಚ್ಚಿಟ್ಟರೆ ಮೂರು ದಿನಕ್ಕೆ ಪಾಪ ಆಗುತ್ತೆ. ಅದಕ್ಕೇ ಇವತ್ತೇ ಮುಗೀಬೇಕಂತೆ."

ಹಾಗೆಂದು ಅವರೇ ಸೌಟು ಹಿಡಿದರು. ಮಕ್ಕಳ ವಾರ್ಡಿಗೆ ಎರಡು ಬಕೆಟ್ಟು ಹೋಯಿತು. ಗಟ್ಟಿ ಊಟ ನುಂಗಲಾರದ ಮಕ್ಕಳು ಅದನ್ನು ಸರಾಗವಾಗಿ ಕುಡಿದವಂತೆ. ಉಳಿದದ್ದಕ್ಕೆ ಯಾರಿಗೂ ವಿನಾಯಿತಿ ಇರಲಿಲ್ಲ. ಮುದ್ದೆ ಉಂಡವರೆಲ್ಲ ಎರಡೆರಡು ಲೋಟ ಕುಡಿಯಲೇಬೇಕು. ರೋಗಿಗಳನ್ನು ನೋಡಲು ಬಂದ ನೆಂಟರು, ಗೇಟಿನ ಕಾವಲುಗಾರ, ದಾರಿ ಕೇಳಲು ನಿಂತ ಮೋಟಾರ್ ಸೈಕಲ್ಲಿನವನು, ಯಾರೂ ತಪ್ಪಿಸಿಕೊಳ್ಳಲಿಲ್ಲ. ನನಗೆ ಮೂರು ಲೋಟ ಕೊಟ್ಟರು. ಕೊಡುವಾಗ ಮೇಟ್ರನ್ ಭುಜ ಕುಲುಕುತ್ತಿತ್ತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅದು ನಗು ಎಂದು ತಿಳಿಯಲು ಎಲ್ಲರಿಗೂ ಸ್ವಲ್ಪ ಹೊತ್ತು ಹಿಡಿಯಿತು.

ನಾಲ್ಕು ಗಂಟೆಯ ವಾಲಿಬಾಲಿಗೆ ಬಂದವರ ಹೊಟ್ಟೆಯೆಲ್ಲ ಕೊಡದ ಹಾಗೆ ಕುಲುಕುತ್ತಿತ್ತು. ಲ್ಯಾಬಿನವನು ಚೆಂಡು ಹಿಡಿದುಕೊಂಡು ನಮ್ಮ ಜಗಲಿಗೆ ಬಂದು, ಸಿಂಧುವಿಗೆ ಏನೋ ಹೇಳಿ ಚೆಂಡನ್ನು ಅವಳ ಮಡಿಲಿಗೆ ಎಸೆದ.

"ಏನಂದ?" ಎಂದೆ.

"ನಿಮ್ಮಜ್ಜಿಯಿಂದ ನಮಗ್ಯಾರಿಗೂ ನೆಗೆಯೋಕಾಗ್ತಿಲ್ಲ, ನೀನು ಬಂದು ನೆಗಿ ಅಂದ."

ಹೋದಳು. ಮೂರು ಸಲ ಚೆಂಡು ಬಿಟ್ಟಳು. ಎಲ್ಲರೂ ಸೇರಿ ಬೈದರು.

ಸೋಮವಾರ ಸಂಜೆ ಅವಳು ಮನೆಗೆ ಬಂದಾಗ ಏಳೂವರೆ. ಕುರ್ಚಿಗೆ ಬಿದ್ದು ಕಾಲು ಚಾಚಿದಳು. ನಾನು ನೀರು ಕೊಟ್ಟು ಕೇಳಿದೆ.

"ನಿನ್ ಸಾಲು ಹೆಂಗಿತ್ತು?"

"ಗೇಟಿನ ತನಕ ಇತ್ತು ಅಜ್ಜಿ. ಹಳೇ ಡಾಕ್ಟರು ಪೇಪರ್ ಓದ್ತಾ ಕೂತಿದ್ರು."

"ನಾನು ಹೇಳಿರ್ಲಿಲ್ವಾ? ಎಲ್ಲ ಆ ಕೋಳಿ ಸಾರಿನ ಗುಣ."

"ಅರ್ಧ ಜನಕ್ಕೆ ಕಾಯಿಲೇನೇ ಇರ್ಲಿಲ್ಲ ಅಜ್ಜಿ. ಬಾಗ್ಲಲ್ಲಿ ಇಣುಕಿ, ನಿಮ್ಮಜ್ಜಿ ಮುದ್ದೆ ಗಟ್ಟಿಯಾಯ್ತಾ ಅಂತ ಕೇಳಿ ಹೋದ್ರು."

"ನೀನೇನಂದೆ?"

"ಇನ್ನೂ ಇಲ್ಲ, ತೊಳಸ್ತಾನೇ ಇದ್ದಾರೆ ಅಂದೆ."